ತಬೂನಿನ ಸರದಿ

ಇರ್ಬಿದ್, ಜೋರ್ಡನ್
೪ ಅಕ್ಟೋಬರ್ ೧೯೯೬

ಐನ್ ಸುಮ್ಮಾಕಿನ ವರ್ದೆ ಅಜ್ಜಿಯವರಿಗೆ,
(ಸದ್ಯದ ಬಿಡಾರ: ನಜರೇತ್)

ಕೆಳಗೆ ಸಹಿ ಮಾಡಿರುವ ನಾನು ಐನ್ ಸುಮ್ಮಾಕ್ ಗ್ರಾಮ ಚರಿತ್ರೆ ಮಹಾಸಮಿತಿಯ ಅಧ್ಯಕ್ಷೆ, ಕಾರ್ಯದರ್ಶಿ, ಬೆರಳಚ್ಚುಗಾರ್ತಿ ಮತ್ತು ಚಹಾ ತರುವವಳು. ಸಮಿತಿಗೆ ಬೇರೆ ಸದಸ್ಯರಿಲ್ಲ. ಹಾಗಾಗಿ ಇದುವರೆಗಿನ ಎಲ್ಲ ಠರಾವುಗಳೂ ಸರ್ವಾನುಮತದಿಂದ ಪಾಸಾಗಿವೆ. ನಿಮಗೆ ಪತ್ರ ಬರೆಯತಕ್ಕದ್ದು ಎಂಬುದು ಹನ್ನೆರಡನೇ ಠರಾವು. ವಿಳಾಸ ಕೊಟ್ಟವರು ಮದುವೆಗೆಂದು ಇಲ್ಲಿಗೆ ಬಂದಿದ್ದ ನಿಮ್ಮ ಬೀದಿಯ ದರ್ಜಿ.

ಸಂಗತಿ ಇಷ್ಟು. ನಲವತ್ತೆಂಟರ ಯುದ್ಧದಲ್ಲಿ ನದಿ ದಾಟಿ ಬಂದ ಎಲ್ಲ ಊರಿನವರೂ ತಂತಮ್ಮ ಊರಿನ ಪುಸ್ತಕ ಬರೆಸಿ ಆಯಿತು, ನಮ್ಮದೊಂದೇ ಬಾಕಿ ಎಂದು ಇಲ್ಲಿನ ನಿರಾಶ್ರಿತರ ಕ್ಯಾಂಪಿನ ಹಿರಿಯರಿಗೆ ಅವಮಾನವಾಗಿದೆ. ಕಾಲೇಜು ಓದುವವಳು ಎಂದು ನನ್ನ ತಲೆಗೆ ಕಟ್ಟಿದರು. ಇದು ಗೌರವವಲ್ಲ, ಶಿಕ್ಷೆ ಎಂಬ ಅನುಮಾನ ನನಗಿದೆ. ಹೋದ ವರ್ಷ ನಾನು ಪುರಸಭೆಯ ಹೆಸರಿನಲ್ಲಿ ನಮ್ಮ ಕ್ಷೌರಿಕರಿಗೆ, "ತಮ್ಮ ಮೀಸೆ ಒಂದು ಗೇಣು ದಾಟಿರುವುದರಿಂದ ಪರವಾನಗಿ ಪಡೆಯತಕ್ಕದ್ದು" ಎಂದು ನೋಟಿಸು ಕಳಿಸಿದ್ದೆ. ಅವರು ಎರಡು ಫೋಟೋ ಹಿಡಿದು ಪುರಸಭೆಗೆ ಹೋಗಿಬಿಟ್ಟರು.

ಇರಲಿ. ಮುದುಕರ ಹೇಳಿಕೆ ಪಡೆದು ಊರಿನ ನಕ್ಷೆ ಬರೆದೆ. ಒಟ್ಟು ನಲವತ್ತೊಂದು ಮನೆ. ನಲವತ್ತೊಂದೂ ಚಿಲುಮೆಯ ಪಕ್ಕದಲ್ಲೇ! ಇದು ನಿಜವಾದರೆ ನಮ್ಮ ಚಿಲುಮೆ ಜೋರ್ಡನ್ ನದಿಗಿಂತ ಉದ್ದವಿರಬೇಕು. ಅಬು ಫಯ್ಯಾದ್, "ನಮ್ಮನೆ ಹೊಸಿಲಲ್ಲಿ ಕೂತ್ಕೊಂಡೇ ಕೊಡ ಅದ್ದಬಹುದಿತ್ತು ಕಣಮ್ಮ" ಎಂದರು. ಪಕ್ಕದ ಕುರ್ಚಿಯ ಹಾಜಿ ಮುಸ್ಲೆಹ್ ತಡೆಯಲಾರದೆ, "ನಿಮ್ಮನೆಯಿಂದ ಚಿಲುಮೆಗೆ ಹೋಗೋಕೆ ನಾಯಿನೂ ಬುತ್ತಿ ಕಟ್ಕೊಂಡು ಹೊರಡ್ತಿತ್ತಲ್ಲೋ!" ಎಂದರು. ಆಮೇಲೆ ಇಬ್ಬರನ್ನೂ ಬಿಡಿಸಬೇಕಾಯಿತು.

ಆದರೆ ನಕ್ಷೆಯ ನಡುವೆ ಒಂದು ಜಾಗ ಖಾಲಿ ಉಳಿದಿದೆ. ಅದು ನನ್ನ ಅಜ್ಜಿ ತಮಾಮಳ ಮನೆ. ನಿಮ್ಮದೂ ಅವಳದೂ ಒಂದೇ ಗೋಡೆ ಎಂದು ಎಲ್ಲರೂ ಹೇಳುತ್ತಾರೆ. ಅಜ್ಜಿ ಮಾತ್ರ ತುಟಿ ಬಿಚ್ಚುವುದಿಲ್ಲ. ನಿಮ್ಮ ಹೆಸರೆತ್ತಿದರೆ ಎದ್ದು ಹೋಗಿ ಬೇಳೆ ಆರಿಸಲು ಕೂರುತ್ತಾಳೆ. ನಮ್ಮ ಮನೆಯಲ್ಲೀಗ ಎರಡು ವರ್ಷಕ್ಕಾಗುವಷ್ಟು ಆರಿಸಿದ ಬೇಳೆ ಇದೆ.

ಪುಸ್ತಕ ವಸಂತಕ್ಕೆ ಅಚ್ಚಿಗೆ ಹೋಗಬೇಕು. ನಿಮಗೆ ಆ ಜಾಗಕ್ಕೆ ಹೋಗಿಬರಲು ಸಾಧ್ಯ, ಗಡಿಯ ಈಚೆಗಿರುವ ನಮಗಿಲ್ಲ. ದಯಮಾಡಿ ಚಿಲುಮೆಯ ಪಕ್ಕ ಎಷ್ಟು ಮನೆ ಹಿಡಿಸುತ್ತವೆ ನೋಡಿ ತಿಳಿಸಿ. ಹಾಗೆಯೇ, ನನ್ನ ಅಜ್ಜಿ ಯಾಕೆ ಬೇಳೆ ಆರಿಸುತ್ತಾಳೆ ಎಂಬುದನ್ನೂ.

ಸಮಿತಿಯ ಪರವಾಗಿ, ಸಮಿತಿಯೇ ಆದ,
ಜುಮಾನ


ನಜರೇತ್
೨೯ ಅಕ್ಟೋಬರ್ ೧೯೯೬

ತಮಾಮಳ ಮೊಮ್ಮಗಳಿಗೆ,

ನಾನು ಅಕ್ಷರ ಕಲಿತದ್ದು ಐವತ್ತು ದಾಟಿದ ಮೇಲೆ. ಉದ್ದುದ್ದ ಬರೆಯಲು ಬರುವುದಿಲ್ಲ, ಬಳಸಿ ಬಳಸಿ ಬರೆಯಲಂತೂ ಬರುವುದೇ ಇಲ್ಲ.

ಶುಕ್ರವಾರ ಹೋಗಿ ಬಂದೆ. ಚಿಲುಮೆಯ ಪಕ್ಕ ಹಿಡಿಸುವುದು ಎರಡೇ ಮನೆ. ಅಬು ಫಯ್ಯಾದನ ಮನೆ ಮೇಲಿನ ಓಣಿಯ ಕೊನೆಯಲ್ಲಿತ್ತು. ನಾಯಿಯ ಮಾತು ನಿಜ. ಮನೆಗಳನ್ನೆಲ್ಲ ಕೆಡವಿದ ಮೇಲೆ ಈಗ ಅಲ್ಲಿ ಎಲ್ಲ ಪೈನ್ ಮರ. ಕಣದ ಮೇಲೆ ಮರದ ಮೇಜು ಹಾಕಿದ್ದಾರೆ. ಒಂದು ಸಂಸಾರ ಮಾಂಸ ಸುಡುತ್ತಾ ಕೂತಿತ್ತು. ಏನು ಹುಡುಕುತ್ತಿದ್ದೀರಿ ಎಂದು ಆ ಹೆಂಗಸು ಮರ್ಯಾದೆಯಿಂದಲೇ ಕೇಳಿದಳು. "ಮನೆ ಎಣಿಸ್ತಿದ್ದೀನಿ" ಎಂದೆ. ಅವಳು ಸುತ್ತ ನೋಡಿದಳು.

ಚಿಲುಮೆಯ ಪಕ್ಕದ ಆ ಎರಡು ಮನೆ ನಿಮ್ಮಜ್ಜಿಯದು ಮತ್ತು ನನ್ನದು. ಬರೆದುಕೋ.

ಬೇಳೆಯ ವಿಷಯ ನನಗೆ ಗೊತ್ತಿಲ್ಲ. ಗೊತ್ತಿರುವುದು ಇಷ್ಟೇ. ಊರು ಬಿಟ್ಟ ಮೇಲಿನ ಆ ಕಾಲದಲ್ಲಿ ರೇಡಿಯೋದಲ್ಲಿ ನದಿಯಾಚೆ ಹೋದವರು ಈಚೆ ಉಳಿದವರಿಗೆ ಸಲಾಂ ಹೇಳುತ್ತಿದ್ದರು. "ನಾವು ಚೆನ್ನಾಗಿದ್ದೇವೆ, ನೀವು ಹೇಗಿದ್ದೀರಿ" ಅಂತ. ಒಂದು ಸಲ ತಮಾಮ್ ಬಂದಳು. ದನಿ ಕೇಳಿ ನಾನು ಕೈಲಿದ್ದ ಪಾತ್ರೆ ಬಿಟ್ಟುಬಿಟ್ಟೆ. ಹದಿನೇಳು ಹೆಸರು ಹೇಳಿದಳು. ತನ್ನ ಅತ್ತೆಯ ತಂಗಿಯ ಹಲ್ಲಿಲ್ಲದ ಗಂಡನಿಗೂ ಸಲಾಂ. ನನಗಿಲ್ಲ. ಆಮೇಲೆ ನಾಲ್ಕು ವರ್ಷ ಅದೇ ಹೊತ್ತಿಗೆ ರೇಡಿಯೋ ಮುಂದೆ ಕೂತೆ. ಇಲ್ಲ.

ಅವಳಿಗೆ ಹೇಳಬೇಕಾದ ಒಂದು ಮಾತು ನನ್ನ ಹತ್ತಿರ ಇದೆ. ಅವಳು ಕೇಳಿದರೆ ಹೇಳುತ್ತೇನೆ. ಸಮಿತಿಗೆ ಹೇಳುವುದಿಲ್ಲ.

ವರ್ದೆ, ನಾಯೆಫನ ತಾಯಿ


ಇರ್ಬಿದ್
೧೪ ನವೆಂಬರ್ ೧೯೯೬

ಪ್ರೀತಿಯ ಗೆಳತಿ ವರ್ದೆಗೆ,

ನಾನು ತಮಾಮ್. ಕಣ್ಣು ಮಂಜಾದ ಕಾರಣ ಮೊಮ್ಮಗಳ ಕೈಯಲ್ಲಿ ಬರೆಸುತ್ತಿದ್ದೇನೆ. ಅವಳು ಬಹಳ ಬುದ್ಧಿವಂತೆ, ಸದ್ಗುಣಿ, ಇಡೀ ಕ್ಯಾಂಪಿಗೇ ಭೂಷಣ.

ಇಷ್ಟು ವರ್ಷ ನಿನಗೆ ಸಲಾಂ ಹೇಳದೆ ಇದ್ದದ್ದಕ್ಕೆ ಕ್ಷಮಿಸು. ರೇಡಿಯೋದವರು ಆತುರ ಮಾಡಿದರು, ನಿನ್ನ ಹೆಸರು ನಾಲಿಗೆಯ ತುದಿಯಲ್ಲೇ ಇತ್ತು. ನಮ್ಮ ಮನೆ, ನಿನ್ನ ಮನೆ, ಚಿಲುಮೆಯ ಹತ್ತಿರದ ಅಂಜೂರದ ಮರ ಎಲ್ಲ ನೆನಪಾಗುತ್ತದೆ. ದಿನಾ ಬೆಳಿಗ್ಗೆ ನಾನು ಎದ್ದು ನಮ್ಮ ಮಣ್ಣಿನ ಒಲೆ ತಬೂನಿಗೆ ಬೆಂಕಿ ಹಚ್ಚುತ್ತಿದ್ದದ್ದು, ನೀನು ಹಿಟ್ಟಿನ ಮರಿಗೆ ಹೊತ್ತು ಬರುತ್ತಿದ್ದದ್ದು, ಇಬ್ಬರೂ ರೊಟ್ಟಿ ಸುಡುತ್ತಾ ನಗುತ್ತಿದ್ದದ್ದು ನಿನ್ನೆ ಮೊನ್ನೆಯಂತಿದೆ.

ನನಗೆ ಹೇಳಬೇಕಾದ ಮಾತು ಏನೋ ಇದೆಯಂತಲ್ಲ, ಬರೆದು ಕಳಿಸು. ವಿವರವಾಗಿ ಬರೆ. ಮನೆಯ ಅಳತೆಯನ್ನೂ ಸೇರಿಸು.

ನಿನ್ನ,
ತಮಾಮ್


ನಜರೇತ್
೩ ಡಿಸೆಂಬರ್ ೧೯೯೬

ಏ ಹುಡುಗಿ,

ಮೀಸೆಗೆ ಪರವಾನಗಿ ಕೊಡಿಸಿದವಳೇ, ನನಗೂ ನೋಟಿಸು ಕಳಿಸಿದೆಯಾ?

ನಮ್ಮೂರಿನ ಯಾವ ಹೆಂಗಸೂ "ತಬೂನ್ ಹಚ್ಚಿದೆ" ಎನ್ನುವುದಿಲ್ಲ. ತಬೂನ್ ಆರುವುದೇ ಇಲ್ಲ, ಇನ್ನು ಹಚ್ಚುವುದೆಲ್ಲಿ ಬಂತು? ಅದು ನನ್ನ ಅತ್ತೆ ಮದುವೆಯಾಗಿ ಬರುವ ಮೊದಲೇ ಹೊತ್ತಿಕೊಂಡ ಬೆಂಕಿ. ರೊಟ್ಟಿ ಸುಟ್ಟವಳು ಸಂಜೆಗೆ ಆಲಿವ್ ಹಿಂಡಿ ಸುರಿದು, ಬೆರಣಿ ಇಟ್ಟು, ಮೇಲೆ ಬೂದಿ ಹೊದಿಸಿ ಮುಚ್ಚಬೇಕು. ಮಾರನೆಯ ದಿನದವಳು ಬಂದು ತೆಗೆಯಬೇಕು. ಒಂದು ದಿನ ಅವಳ ಸರದಿ, ಒಂದು ದಿನ ನನ್ನದು. ಮುಚ್ಚುವುದು, ತೆಗೆಯುವುದು. ಹಚ್ಚುವುದು ನಿಮ್ಮ ಗ್ಯಾಸ್ ಒಲೆ.

ಇನ್ನೊಂದು. ತಮಾಮ್ ಕ್ಷಮೆ ಕೇಳುವ ಹೆಂಗಸಲ್ಲ. ನನ್ನ ಬಿಂದಿಗೆ ಒಡೆದ ದಿನ, "ನಿನ್ನ ಬಿಂದಿಗೆ ನನ್ನ ಮೊಣಕಾಲಿಗೆ ಹೊಡೀತು ನೋಡೇ" ಎಂದು ಜಗಳಕ್ಕೆ ಬಂದವಳು ಅವಳು.

ಅವಳ ಹೆಸರಿನಲ್ಲಿ ಸುಳ್ಳು ಬರೆದೆಯಲ್ಲ, ಅದಕ್ಕೆ ನನಗೆ ಕೋಪವಿಲ್ಲ. ಅದನ್ನು ಓದುತ್ತಾ ಅರ್ಧ ಪುಟದವರೆಗೆ ನಿಜವೆಂದೇ ನಂಬಿದ್ದೆ, ಅದಕ್ಕೆ ಇದೆ.

ವರ್ದೆ


ಇರ್ಬಿದ್
೨೦ ಜನವರಿ ೧೯೯೭

ವರ್ದೆ ಅಜ್ಜಿ,

ಸಮಿತಿಯನ್ನು ವಿಸರ್ಜಿಸಲಾಗಿದೆ. ಈ ಪತ್ರವನ್ನು ಜುಮಾನ ಎಂಬ ಬರಿಯ ಹುಡುಗಿ ಬರೆಯುತ್ತಿದ್ದಾಳೆ. ತಪ್ಪಾಯಿತು. ಇಷ್ಟು ದಿನ ಬರೆಯದೆ ಇದ್ದದ್ದು ನಾಚಿಕೆಯಿಂದ. ನಾಚಿಕೆ ನನಗೆ ಹೊಸ ಅನುಭವವಾದ್ದರಿಂದ ಸ್ವಲ್ಪ ಸಮಯ ಹಿಡಿಯಿತು.

ನಿಮ್ಮ ಪತ್ರ ಬಂದ ದಿನ ಹೋಗಿ ಅಜ್ಜಿಯ ಮುಂದೆ ನಿಂತು ಎಲ್ಲ ಒಪ್ಪಿಕೊಂಡೆ. ಅವಳ ಹೆಸರಿನಲ್ಲಿ ನಿಮಗೆ ಬರೆದದ್ದು, ನೀವು ಹಿಡಿದುಹಾಕಿದ್ದು. ಚಪ್ಪಲಿ ಬೀಳುತ್ತದೆ ಎಂದು ಬಾಗಿಲ ಹತ್ತಿರವೇ ನಿಂತಿದ್ದೆ. ಬೀಳಲಿಲ್ಲ. "ಹಚ್ಚಿದೆ ಅಂತ ಬರೆದ್ಯಾ?" ಎಂದಳು. ಅಷ್ಟೆ. ಬೇಳೆಯ ಮೊರ ಕೆಳಗಿಟ್ಟಳು. ಆಮೇಲೆ ಹೇಳಿದಳು, ಗೋಡೆಗೆ ಹೇಳಿದ ಹಾಗೆ.

ನಲವತ್ತೆಂಟರ ಮೇ ತಿಂಗಳು. ಬಾರ್ಲಿ ಕೊಯ್ದು ಕಣದಲ್ಲಿ ಹಾಕಿತ್ತು. ಕೆಳಗೆ ಬೈಸಾನ್ ಪಟ್ಟಣದ ಕಡೆಯಿಂದ ಗುಂಡಿನ ಸದ್ದು ಹತ್ತಿರವಾಗುತ್ತಾ ಬಂತು. ಜನ ಹೊರಟರು. ನೀವು ನಿಮ್ಮ ಇಬ್ಬರು ಮಕ್ಕಳನ್ನೂ ನಿಮ್ಮ ನಾದಿನಿಯ ಮೂವರನ್ನೂ ಕಟ್ಟಿಕೊಂಡು ಚಿಲುಮೆಯ ಹತ್ತಿರ ನಿಂತಿದ್ದಿರಿ. ಅವತ್ತು ಅವಳ ಸರದಿ. "ನಿಂತಿರೇ, ತಬೂನ್ ಮುಚ್ಚಿ ಬಂದೆ, ನಾಳೆ ನೀನು ರೊಟ್ಟಿ ಸುಡಬೇಕಲ್ಲ" ಎಂದು ಓಡಿದಳಂತೆ. ನಾಳೆಯಲ್ಲದಿದ್ದರೆ ನಾಡಿದ್ದಾದರೂ ತಿರುಗಿ ಬರುತ್ತೇವಲ್ಲ ಎಂದು ಎರಡರಷ್ಟು ಹಿಂಡಿ ಸುರಿದಳಂತೆ. ಮುಚ್ಚಿ ಹೊರಗೆ ಬರುವಷ್ಟರಲ್ಲಿ ಗುಂಡು ಓಣಿಗೇ ಬೀಳುತ್ತಿತ್ತು. ಅವಳ ಮಾವ ರಟ್ಟೆ ಹಿಡಿದು ಕೆಳಗಿನ ದಾರಿಗೆ ಎಳೆದುಕೊಂಡು ಹೋದರು. ಅವಳು ಚಿಲುಮೆಗೆ ಬರಲೇ ಇಲ್ಲ.

"ಓಡು ಅಂದಿದ್ರೆ ಓಡ್ತಿದ್ಳು. ನಿಂತಿರು ಅಂದೆ. ಐದು ಮಕ್ಕಳ ಜೊತೆ ಅವಳನ್ನ ಗುಂಡಿನ ಬಾಯಿಗೆ ನಿಲ್ಲಿಸಿ ನಾನು ನದಿ ದಾಟಿದೆ. ಏನಕ್ಕೆ? ಒಂದು ಒಲೆಗೆ!" ಎಂದಳು.

ನೀವು ಬದುಕಿದ್ದೀರಿ ಎಂದು ಅವಳಿಗೆ ತಿಳಿದದ್ದು ಮೂರು ವರ್ಷದ ಮೇಲೆ. ಮಕ್ಕಳು ಬದುಕಿದವೋ ಇಲ್ಲವೋ ಎಂದು ಯಾರನ್ನೂ ಕೇಳಲಿಲ್ಲ. ಕೇಳಿದರೆ ಉತ್ತರ ಬಂದುಬಿಡುತ್ತದಲ್ಲ ಎಂದು.

ಒಂದು ಸಂಗತಿಯನ್ನು ನಾನು ಹುಟ್ಟಿದಾಗಿನಿಂದ ನೋಡಿದ್ದೇನೆ, ಯಾಕೆಂದು ಕೇಳಿರಲಿಲ್ಲ. ಈ ಕ್ಯಾಂಪಿನ ಎಲ್ಲ ಮುದುಕಿಯರೂ ಬಂದ ವರ್ಷವೇ ಮಣ್ಣು ಕಲಸಿ ತಬೂನ್ ಕಟ್ಟಿಕೊಂಡರು. ನಮ್ಮಜ್ಜಿಯೊಬ್ಬಳೇ ಕಟ್ಟಲಿಲ್ಲ. ನಲವತ್ತೆಂಟು ವರ್ಷದಿಂದ ಅಂಗಡಿ ರೊಟ್ಟಿ ತಿನ್ನುತ್ತಾಳೆ, ತಿನ್ನುವಾಗಲೆಲ್ಲ ಅದನ್ನು ಬೈಯುತ್ತಾಳೆ.

ನೀವು ಹೇಳಬೇಕೆಂದಿರುವ ಮಾತು ಬೈಗುಳವೇ ಆಗಿದ್ದರೂ ಕಳಿಸಿ, ಅಜ್ಜಿ. ಅವಳು ಅದಕ್ಕಾಗಿಯೇ ಕಾಯುತ್ತಿದ್ದಾಳೆ ಎಂದು ನನಗೀಗ ಅನಿಸುತ್ತಿದೆ. ಓದಿ ಹೇಳುತ್ತೇನೆ. ಒಂದಕ್ಷರ ಸೇರಿಸುವುದಿಲ್ಲ, ಒಂದಕ್ಷರ ಬಿಡುವುದಿಲ್ಲ. ಇದು ಆಣೆ. ತಮಾಷೆಯಲ್ಲ.

ಜುಮಾನ


ನಜರೇತ್
೮ ಫೆಬ್ರುವರಿ ೧೯೯೭

ಜುಮಾನ,

ಇದನ್ನು ತಮಾಮಳ ಪಕ್ಕ ಕೂತು ಓದು. ಗಟ್ಟಿಯಾಗಿ ಓದು, ಅವಳ ಎಡಗಿವಿ ಮೊದಲಿನಿಂದಲೂ ಮಂದ.

ತಮಾಮ್,

ಮಕ್ಕಳು ಐದೂ ಬದುಕಿವೆ. ಮೊದಲು ಅದನ್ನು ಕೇಳಿಸಿಕೋ. ನಾಯೆಫನಿಗೆ ತಲೆ ಬೋಳಾಗಿದೆ, ಬಿಟ್ಟರೆ ಎಲ್ಲರೂ ನೆಟ್ಟಗಿದ್ದಾರೆ.

ನೀನು ನಿಂತಿರು ಅಂದೆ, ನಿಂತೆ. ಅಂಜೂರದ ನೆರಳು ನೀರಿಗೆ ಬರುವವರೆಗೂ ನಿಂತೆ. ಆಮೇಲೆ ಕೆಳಗಿನ ದಾರಿ ಕಟ್ಟಾಯಿತು. ಮಕ್ಕಳನ್ನು ಹೊತ್ತು, ಎಳೆದು, ಮೇಲೆ ಮೇಕೆ ಗವಿಗೆ ಹೋದೆ. ಅಲ್ಲಿ ಎರಡು ದಿನ ಹಸಿ ಗೋಧಿ ತೆನೆ ಉಜ್ಜಿ ತಿನ್ನಿಸಿದೆ. ಮೂರನೆಯ ಬೆಳಿಗ್ಗೆ ಚಿಕ್ಕವಳು ಅಳುವುದನ್ನು ನಿಲ್ಲಿಸಿದಳು. ಅತ್ತಿದ್ದರೆ ನನಗೆ ಅಷ್ಟು ಹೆದರಿಕೆಯಾಗುತ್ತಿರಲಿಲ್ಲ.

ಊರಿಗೆ ಇಳಿದು ಬಂದೆ. ಒಂದು ಕೋಳಿಯೂ ಇರಲಿಲ್ಲ. ಸೈನಿಕರು ಕೆಳಗೆ ಗಿರಣಿಯ ಹತ್ತಿರ ಇದ್ದರು, ಅವರ ಮಾತು ಕೇಳುತ್ತಿತ್ತು. ನಮ್ಮ ಮನೆಯಲ್ಲಿ ಹಿಟ್ಟಿರಲಿಲ್ಲ. ನಿಮ್ಮ ಮನೆಗೆ ಹೋದೆ, ನಿನ್ನ ಹಿಟ್ಟಿನ ವಾಡೆಗೆ ಕೈ ಹಾಕಿದೆ, ನಿನ್ನನ್ನು ಕೇಳದೆ. ಹಿಟ್ಟೇನೋ ಸಿಕ್ಕಿತು. ಬೆಂಕಿ? ಹೊಸದಾಗಿ ಬೆಂಕಿ ಹೊತ್ತಿಸಿದರೆ ಹೊಗೆ ಏಳುತ್ತದೆ, ಹೊಗೆ ಎದ್ದರೆ ಅವರು ಬರುತ್ತಾರೆ.

ತಬೂನಿನ ಗುಡಿಸಲಿಗೆ ಹೋಗಿ ಸುಮ್ಮನೆ ಬೂದಿಯೊಳಗೆ ಕೈ ಇಟ್ಟೆ. ಕೈ ಸುಟ್ಟಿತು.

ಕೇಳುತ್ತಿದೆಯಾ ತಮಾಮ್? ಮೂರನೆಯ ದಿನ. ನನ್ನ ಕೈ ಸುಟ್ಟಿತು. ನೀನು ಎರಡರಷ್ಟು ಹಿಂಡಿ ಸುರಿದಿದ್ದೆ. ಒಳಗೆ ರೊಟ್ಟಿ ಸುಡುವ ಕಲ್ಲುಗಳೆಲ್ಲ ಕಾದಿದ್ದವು, ಹೊಗೆ ಒಂದೆಳೆಯೂ ಇರಲಿಲ್ಲ. ಅಳುತ್ತಾ ಹಿಟ್ಟು ಕಲಸಿದೆ. ಉಪ್ಪು ಎಲ್ಲಿಟ್ಟಿದ್ದೆಯೋ ಸಿಗಲಿಲ್ಲ. ಹನ್ನೊಂದು ರೊಟ್ಟಿ ಸುಟ್ಟೆ. ಸೆರಗಿನಲ್ಲಿ ಕಟ್ಟಿಕೊಂಡು ಹೋಗಿ, ಚಿಕ್ಕವಳಿಗೆ ಮೊದಲು ಅಗಿದು ಕೊಟ್ಟೆ. ಅವಳು ನುಂಗಿ ಅತ್ತಳು. ಆ ಹನ್ನೊಂದು ರೊಟ್ಟಿಯ ಮೇಲೆ ನಜರೇತಿನವರೆಗೆ ನಡೆದೆವು.

ನೀನು ಒಂದು ಒಲೆಗೆ ಅನ್ನುತ್ತೀಯಂತೆ. ಆ ಐದು ಮಕ್ಕಳಿಂದ ಈಗ ಎಷ್ಟು ಜನ ಎಂದು ಹೋದ ಈದ್‌ನಲ್ಲಿ ಎಣಿಸಲು ಕೂತೆ. ಅರವತ್ತಮೂರಕ್ಕೆ ಬರುವಷ್ಟರಲ್ಲಿ ಅವು ಓಡಾಡಿ ಲೆಕ್ಕ ತಪ್ಪಿಸಿದವು. ಅವರೆಲ್ಲ ನಿನ್ನ ರೊಟ್ಟಿ ತಿಂದವರು.

ರೇಡಿಯೋದಲ್ಲಿ ನನ್ನ ಹೆಸರು ಬರದಿದ್ದಾಗ, ಹಿಟ್ಟಿನ ವಿಷಯ ಯಾರೋ ನಿನಗೆ ಹೇಳಿದ್ದಾರೆ, ಅದಕ್ಕೆ ಮುನಿಸು ಎಂದುಕೊಂಡೆ. ನನಗೂ ಹಟ ಬಂತು. ಇಬ್ಬರೂ ಮುದುಕಿಯರಾದೆವು.

ನೀನು ಚೆನ್ನಾಗಿರು, ತಮಾಮ್. ನಿನ್ನ ಕೈ ಚೆನ್ನಾಗಿರಲಿ. ಹೇಳಬೇಕೆಂದಿದ್ದ ಮಾತು ಇದೇ.

ಜೊತೆಗೆ ಒಂದು ಕಲ್ಲು ಕಳಿಸಿದ್ದೇನೆ. ಊರಿಂದೂರಿಗೆ ಹೋಗಲು ನಮ್ಮನ್ನು ಸೈನ್ಯದ ಪರ್ಮಿಟ್ ಕೇಳುವುದು ನಿಂತ ಮೇಲೆ ಮೊದಲ ಸಲ ಊರಿಗೆ ಹೋದಾಗ ನಮ್ಮ ತಬೂನಿನ ಜಾಗದಲ್ಲಿ ಪೈನ್ ಎಲೆ ಕೆದಕಿ ಆರಿಸಿದ್ದು. ಆರು ಸಿಕ್ಕಿದ್ದವು. ಇದು ನಿನ್ನ ಪಾಲಿನದು.

ವರ್ದೆ


ಇರ್ಬಿದ್
೨ ಮಾರ್ಚ್ ೧೯೯೭

ವರ್ದೆ ಅಜ್ಜಿ,

ಕಲ್ಲು ಬಂದು ತಲುಪಿತು. ಅಂಚೆ ಕಚೇರಿಯವರು ನನ್ನನ್ನು ಕರೆಸಿ, "ಇದೇನು?" ಎಂದರು. "ಕಲ್ಲು" ಎಂದೆ. "ಯಾಕೆ?" ಎಂದರು. ಜೀವಮಾನದಲ್ಲಿ ಮೊದಲ ಬಾರಿಗೆ ನನ್ನ ಬಾಯಿಂದ ಸುಳ್ಳು ಹೊರಡಲಿಲ್ಲ. "ಇದರ ಮೇಲೆ ನಮ್ಮಜ್ಜಿ ರೊಟ್ಟಿ ಸುಡ್ತಿದ್ದಳು" ಎಂದೆ. ಅಲ್ಲಿದ್ದ ಮುದುಕ ಗುಮಾಸ್ತರು ಅದನ್ನು ಕೈಯಲ್ಲಿ ಹಿಡಿದು, ಮೂಸಿ, ಎದ್ದು ನಿಂತು ಕೊಟ್ಟರು. ಯಾವ ಊರಿನವರೋ ಏನೋ.

ನಿಮ್ಮ ಪತ್ರವನ್ನು ಆಣೆ ಇಟ್ಟಂತೆಯೇ ಓದಿದೆ. ಬಲಗಿವಿಯ ಕಡೆ ಕೂತು. "ಮಕ್ಕಳು ಐದೂ" ಎಂಬಲ್ಲಿ ಅಜ್ಜಿ ಕೈ ಎತ್ತಿದಳು, ನಿಲ್ಲಿಸಿದೆ. ಆಮೇಲೆ "ಹ್ಞೂಂ" ಎಂದಳು. ಕೈ ಸುಟ್ಟಲ್ಲಿಗೆ ಬಂದಾಗ ಮತ್ತೊಂದು ಸಲ ಓದಿಸಿದಳು. ಮೂರನೆಯ ಸಲವೂ. ನಾಲ್ಕನೆಯ ಸಲ ನನಗೇ ಓದಲಾಗಲಿಲ್ಲ. "ಕಾಲೇಜಿಗೆ ಹೋಗಿ ಇಷ್ಟೇನಾ ಕಲಿತದ್ದು?" ಎಂದು ಬೈದಳು. ಅವಳ ಕೆನ್ನೆಯೂ ಒದ್ದೆಯಾಗಿತ್ತು ಎಂದು ಚರಿತ್ರೆಗೆ ಸೇರಿಸಬಾರದಂತೆ. ಸೇರಿಸಿದ್ದೇನೆ.

ಅರವತ್ತಮೂರು ಜನ ಅವಳ ರೊಟ್ಟಿ ತಿಂದವರು ಎಂದಿರಿ. ನಾನೂ ಅದೇ ಮನೆಯವಳು, ನನಗೆ ಮಾತ್ರ ಆ ರೊಟ್ಟಿಯ ರುಚಿ ಗೊತ್ತಿಲ್ಲ. ಅಜ್ಜಿ, ನಿಮಗೆ ಹೇಗೆ ಕೃತಜ್ಞತೆ ಹೇಳಬೇಕೋ ತಿಳಿಯುತ್ತಿಲ್ಲ. ದೊಡ್ಡ ದೊಡ್ಡ ಪದ ಜೋಡಿಸಿ ಒಂದು ಠರಾವು ಬರೆದಿದ್ದೆ, ಹರಿದು ಹಾಕಿದೆ. ನೀವು ಅವತ್ತು ನಿಂತಿದ್ದಕ್ಕೆ, ಇವತ್ತಿಗೂ ಅಲ್ಲಿಯೇ ಇರುವುದಕ್ಕೆ, ಮೀಸೆಯ ನೋಟಿಸಿನವಳಿಗೆ ಉತ್ತರ ಬರೆದದ್ದಕ್ಕೆ. ಅಷ್ಟೇ ಹೇಳಬಲ್ಲೆ.

ನಕ್ಷೆ ಪೂರ್ತಿಯಾಯಿತು. ನಡುವೆ ಎರಡು ಮನೆ, ಒಂದು ಗೋಡೆ, ಒಂದು ತಬೂನ್. ಅಬು ಫಯ್ಯಾದರು ಮೇಲಿನ ಓಣಿಗೆ ಹೋಗಲು ಒಪ್ಪುತ್ತಿಲ್ಲ. ಅವರ ಪ್ರತಿಯಲ್ಲಿ ಮಾತ್ರ ಚಿಲುಮೆಯನ್ನು ಅವರ ಮನೆ ಬಾಗಿಲಿಗೆ ಎಳೆದು ಕೊಡುವುದೆಂದು ತೀರ್ಮಾನಿಸಿದ್ದೇನೆ.

ಇನ್ನು ಕೆಳಗಿರುವುದು ಅಜ್ಜಿ ಹೇಳಿ ಬರೆಸಿದ್ದು. ಕೈ ನನ್ನದು, ಬಾಯಿ ಅವಳದು. ನಂಬಿಕೆ ಬರದಿದ್ದರೆ ಓದಿ ನೋಡಿ, ಒಂದು ಕಡೆಯೂ ಕ್ಷಮೆ ಕೇಳಿಲ್ಲ.

"ವರ್ದೆ, ಉಪ್ಪು ಬಾಗಿಲ ಮೇಲಿನ ಗೂಡಲ್ಲಿತ್ತು. ಯಾವಾಗ್ಲೂ ಅಲ್ಲೇ ಇರ್ತಿತ್ತು. ನಿನ್ನ ಕಣ್ಣಿಗೆ ಏನಾಗಿತ್ತೇ? ಉಪ್ಪಿಲ್ಲದ ರೊಟ್ಟಿ ಆ ಕೂಸಿಗೆ ತಿನ್ನಿಸಿದ್ಯಲ್ಲ. ಹಿಟ್ಟಿನ ಮಾತು ಇನ್ನೊಂದು ಸಲ ಎತ್ತಿದ್ರೆ ನದಿ ದಾಟಿ ಬಂದು ಹೊಡೀತೀನಿ. ನನ್ನ ಮನೆ ಹಿಟ್ಟು, ನಿನ್ನ ಮನೆ ಹಿಟ್ಟು ಅಂತ ಯಾವಾಗ ಇತ್ತು? ಅದೆಲ್ಲ ಇರ್ಲಿ. ಒಂದೇ ಒಂದು ಕೇಳ್ಬೇಕು, ನಿಜ ಹೇಳು. ರೊಟ್ಟಿ ಸುಟ್ಟ ಮೇಲೆ ತಬೂನ್ ಮುಚ್ಚಿದ್ಯಾ, ಹಂಗೇ ಬಿಟ್ಟು ಓಡಿದ್ಯಾ?"

ಇಷ್ಟು ಹೇಳಿ ಎದ್ದು ಹೋದಳು. ಬೇಳೆಗಲ್ಲ. ನನ್ನನ್ನು ಕೆಂಪು ಮಣ್ಣು ಮತ್ತು ಹುಲ್ಲು ತರಲು ಕಳಿಸಿದ್ದಾಳೆ. ಈಗ ಅಂಗಳದಲ್ಲಿ ಮೊಣಕೈವರೆಗೆ ಕೆಸರು ಮಾಡಿಕೊಂಡು ಕೂತಿದ್ದಾಳೆ. ನನ್ನ ಹುಲ್ಲು ತೀರಾ ಉದ್ದವಂತೆ. ಗೋಡೆ ಎದ್ದಿದೆ, ಒಣಗಬೇಕು. ಆದರೆ ಬೆಂಕಿ ಇಡಲು ಒಪ್ಪುತ್ತಿಲ್ಲ. "ಅವಳ ಉತ್ತರ ಬರ್ಲಿ" ಎನ್ನುತ್ತಾಳೆ.

ಬೇಗ ಬರೆಯಿರಿ.

ನಿಮ್ಮಿಬ್ಬರ ಮೊಮ್ಮಗಳು,
ಜುಮಾನ


ನಜರೇತ್
೧೯ ಮಾರ್ಚ್ ೧೯೯೭

ತಮಾಮ್,

ಇದೆಂಥ ಪ್ರಶ್ನೆಯೇ? ಅಲ್ಲಿ ಗಿರಣಿಯ ಹತ್ತಿರ ಬಂದೂಕು, ಇಲ್ಲಿ ಸೆರಗಿನಲ್ಲಿ ಬಿಸಿ ರೊಟ್ಟಿ, ಮೇಲೆ ಗವಿಯಲ್ಲಿ ಐದು ಮಕ್ಕಳು. ಯಾವ ಬುದ್ಧಿಯಿರುವ ಹೆಂಗಸು ಅಂಥ ಹೊತ್ತಿನಲ್ಲಿ ಕೂತು ಒಲೆ ಮುಚ್ಚುತ್ತಾಳೆ?

ಮುಚ್ಚಿದೆ. ಉಳಿದಿದ್ದ ಹಿಂಡಿಯನ್ನೆಲ್ಲ ಸುರಿದು, ಬೆರಣಿ ಇಟ್ಟು, ಬೂದಿ ಹೊದಿಸಿ, ಅಂಗೈಯಿಂದ ತಟ್ಟಿ ಬಂದೆ.

ಮಾರನೆಯ ದಿನ ನಿನ್ನ ಸರದಿಯಿತ್ತಲ್ಲ.

ವರ್ದೆ